ಬೆವರು ನಿಂತ ದಿನ

ಅಹಮದಾಬಾದಿನ ಡಾಕ್ಟರುಗಳಿಗೆ ವೈದೇಹಿ ಎಂದರೆ ತಲೆನೋವು. ಹವಾಮಾನದ ವರದಿಗಾರ್ತಿ ಎಂದರೆ ಸೆಮಿನಾರಿನಲ್ಲಿ ಗೋಡಂಬಿ ತಿಂದು ಬರುವವಳು ಎಂದುಕೊಂಡವರಿಗೆಲ್ಲ ಅವಳು ಸರಿಯಾಗಿಯೇ ಬಿಸಿ ಮುಟ್ಟಿಸಿದ್ದಳು. ಹನ್ನೊಂದು ವರ್ಷದಿಂದ ಪ್ರತಿ ಬೇಸಿಗೆಯಲ್ಲೂ ಅವಳದು ಒಂದೇ ಹಟ: ಧಗೆಗೆ ಸತ್ತವರ ಮರಣಪತ್ರದಲ್ಲಿ ಹೃದಯಾಘಾತ ಎಂದು ಗೀಚಿ ಕೈತೊಳೆದುಕೊಳ್ಳಬೇಡಿ. ಊರಂಚಿನ ಬೋಪಾಲ್ ಬಡಾವಣೆಯ ಕಟ್ಟಡ ಕೆಲಸದವರ ಹೆಂಡಂದಿರ ಮುಂದೆ, ವಡೋದರಾದ ಫತೇಗಂಜ್‌ನಲ್ಲಿ ರಿಕ್ಷಾದವನ ತಾಯಿಯ ಮುಂದೆ ಕೂತು, “ಧಗೆ ಅಂತಲೇ ಬರೆಸಿ, ಇಲ್ಲದಿದ್ದರೆ ಯಾರೂ ನಂಬುವುದಿಲ್ಲ” ಎಂದು ಗೋಗರೆಯುತ್ತಿದ್ದಳು.

ಅವಳ ಅಪ್ಪ ಬಾಲಚಂದ್ರ ಸೂರತ್ತಿನ ಕತಾರ್‌ಗಾಮ್‌ನಲ್ಲಿ ಉಡುಪಿ ಹೋಟೆಲು ಇಟ್ಟು ಮೂವತ್ತೆಂಟು ವರ್ಷವಾಗಿತ್ತು. ವಜ್ರ ಉಜ್ಜುವವರೆಲ್ಲ ಅವರ ದೋಸೆಯ ಗಿರಾಕಿಗಳು. ಈಗ ಗಲ್ಲಾದಲ್ಲಿ ಕೂರುವವನು ಅವಳ ತಮ್ಮ ಗುರುಕಿರಣ. ಹೇಗಿದ್ದೀರಿ ಎಂದು ಫೋನು ಮಾಡಿದರೆ ಅಪ್ಪನದು ಸದಾ ಒಂದೇ ಉತ್ತರ: “ಎಂತ ಮಗಾ, ಸೆಕೆ ಮಾರಾಯ್ತಿ!” ಕರಾವಳಿಯವರ ಕ್ಷೇಮ ಸಮಾಚಾರದಲ್ಲಿ ಸೆಕೆ ಇದ್ದದ್ದೇ. ವೈದೇಹಿಯೂ “ಇಲ್ಲೂ ಸೆಕೆಯೇ” ಎಂದು ನಗುತ್ತಿದ್ದಳು.

ಈ ಮೇ ತಿಂಗಳು ಅಡುಗೆ ಭಟ್ಟರು ಊರಿಗೆ ಹೋದರು. ಗುರುಕಿರಣ ಅಪ್ಪನನ್ನೇ ದೋಸೆ ಕಾವಲಿಯ ಮುಂದೆ ನಿಲ್ಲಿಸಿದ. ಮೂರನೆಯ ದಿನ ಮಧ್ಯಾಹ್ನ ಅಪ್ಪನೇ ಫೋನು ಮಾಡಿದರು.

“ಸೆಕೆ ಮಗಾ. ಆದರೆ ಒಂದು ಸುಖ, ಇವತ್ತು ಬೆವರೇ ಇಲ್ಲ. ಅಂಗಿ ಒಣಗಿಯೇ ಉಂಟು.”

“ಒಳ್ಳೇದಾಯ್ತಲ್ಲ ಅಪ್ಪ. ಸಂಜೆ ಮಾತಾಡ್ತೇನೆ, ಲೇಖನ ಕಳಿಸ್ಲಿಕ್ಕುಂಟು.”

ಬೆವರು ನಿಂತರೆ ತಡಮಾಡದೆ ಆಸ್ಪತ್ರೆಗೆ ಓಡಿ ಎಂದು ಆ ಲೇಖನದ ಎರಡನೆಯ ಪ್ಯಾರಾದಲ್ಲೇ ಇತ್ತು.

ಅಪ್ಪ ಕುಸಿದುಬಿದ್ದರೆಂದು ಸಂಜೆ ಫೋನು ಬಂದು, ಅವಳು ಸೂರತ್ ಮುಟ್ಟುವ ಹೊತ್ತಿಗೆ ಅಪ್ಪ ಇರಲಿಲ್ಲ. ಆಸ್ಪತ್ರೆಯ ಹುಡುಗಪ್ರಾಯದ ಡಾಕ್ಟರು ಪೆನ್ನು ಹಿಡಿದು, ಗುಜರಾತಿಯಲ್ಲಿ, ಮೊದಲೇ ಹೃದಯದ ತೊಂದರೆ ಇತ್ತೇ ಎಂದು ಕೇಳಿದ. ಅಮ್ಮ ಇಂದುಮತಿ ಮಗಳ ತೋಳು ಹಿಡಿದುಕೊಂಡರು. “ಹೌದು ಅಂತ ಹೇಳು. ಬೆಂಕಿಯ ಮುಂದೆ ನಿಲ್ಲಿಸಿ ಅಪ್ಪನನ್ನು ಕೊಂದೆ ಅಂತ ಗುರು ಜೀವಮಾನ ಇಡೀ ಕೊರಗಬೇಕಾ?”

ಎಷ್ಟು ತಾಯಂದಿರ ಇಂಥ ಮಾತನ್ನು ಅವಳು ತಳ್ಳಿಹಾಕಿರಲಿಲ್ಲ! ಈಗ ಡಾಕ್ಟರನ ಪೆನ್ನನ್ನೇ ನೋಡಿದಳು. ಧಗೆ ಎಂದರೆ ಡಾಕ್ಟರು ಮುಂದಿನ ಪ್ರಶ್ನೆ ಕೇಳುತ್ತಾನೆ: ಬೆವರು ಯಾವಾಗ ನಿಂತಿತು, ಯಾರಿಗಾದರೂ ಹೇಳಿದ್ದರೇ?

“ಹೌದು,” ಎಂದಳು ವೈದೇಹಿ. “ಹೃದಯದ ತೊಂದರೆ ಇತ್ತು.”

ಅಮ್ಮ ಅವಳ ತಲೆ ಸವರಿದರು, ತಮ್ಮನನ್ನು ಉಳಿಸಿಕೊಟ್ಟಳೆಂದು. ವೈದೇಹಿ ಅಲ್ಲೇ ಕೂತು ಅತ್ತಳು.