ಅವ್ವನ ಕ್ಯಾಲೆಂಡರಿನ ಖಾಲಿ ಮನೆಗಳು

"ಬಾವಿ ಮೆಟ್ಟಿಲು ಎಣಿಸಿದ್ರ ಡಿಗ್ರಿ ಯಾರು ಕೊಡ್ತಾರಬೇ?" ಎಂದು ನನ್ನನ್ನು ನೋಡಿ ನಕ್ಕವನು ನಮ್ಮ ಕಾಕಾ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ಕಾಲೇಜು ಮುಗಿಸಿರಲಿಲ್ಲ.

ಸಂತೆಕಲ್ಲೂರಿನ ನಮ್ಮ ಬಾವಿಯಲ್ಲಿ ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತವೋ ಅಷ್ಟು ಗೀಟುಗಳನ್ನು, ಓದು ಬಾರದ ಅವ್ವ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಎಳೆಯುತ್ತಿದ್ದಳು. ಲಿಂಗಸುಗೂರಿನಲ್ಲಿ ಓದುತ್ತಿದ್ದ ನಾನು ಸಂಖ್ಯಾಶಾಸ್ತ್ರದ ಪ್ರಾಜೆಕ್ಟಿಗೆ ಆ ಹಳೇ ಕ್ಯಾಲೆಂಡರುಗಳನ್ನೇ ಒಯ್ದೆ. ಆದರೆ ಮುಕ್ಕಾಲು ಮನೆಗಳು ಖಾಲಿ. ನಡುವಿನ ದಿನಗಳಲ್ಲಿ ನೀರು ಸ್ವಲ್ಪ ಸ್ವಲ್ಪವೇ ಇಳಿದಿರಬೇಕೆಂದು ಊಹಿಸಿ ನಾನೇ ತುಂಬಿದೆ.

"ಖಾಲಿ ದಿನಗಳ ಲೆಕ್ಕ ನಿನಗೆ ಹೇಗೆ ಗೊತ್ತು?" ಎಂದು ಕಾಲೇಜಿನ ಮೇಡಂ ಪ್ರಾಜೆಕ್ಟ್ ವಾಪಸ್ ಕೊಟ್ಟರು. ಅದು ಪಾಸಾಗದೆ ಪದವಿ ಇಲ್ಲ.

ಊರಿನ ಬಸ್ಸಿನಲ್ಲಿ ಕ್ಯಾಲೆಂಡರಿನ ಪುಟ ತಿರುವುತ್ತ ಬಂದೆ. ಅವ್ವ ಬಿಟ್ಟ ದಿನಗಳಿಗೂ ಹಬ್ಬ, ಅಮಾವಾಸ್ಯೆಗಳಿಗೂ ಸಂಬಂಧವಿರಲಿಲ್ಲ. ಮತ್ತೇಕೆ?

"ಈ ದಿನ ಯಾಕ ಎಣಿಸಿಲ್ಲಬೇ ಅವ್ವ?"

"ದಿನಾ ಎಣಿಸೀನಿ. ನಿನ್ನಿಯಷ್ಟ ಇದ್ರ ಮತ್ತ ಯಾಕ ಗೀಟು ಎಳೀಲಿ?"

ಖಾಲಿ ಮನೆಯೂ ಅಳತೆಯೇ ಆಗಿತ್ತು! ಪ್ರತಿ ಖಾಲಿ ಮನೆಗೂ ಹಿಂದಿನ ಗೀಟುಗಳನ್ನೇ ಇಟ್ಟು ಮತ್ತೆ ಬರೆದೆ, ಪಾಸಾದೆ.

ಪದವಿಯ ಪ್ರಮಾಣಪತ್ರವನ್ನು ಅವ್ವನ ಕೈಗಿಟ್ಟಾಗ ಕಾಕಾ ಇಣುಕಿ ನೋಡಿದ. "ಎಣಿಸಿದಾಕಿ ನಿಮ್ಮವ್ವ, ಕಾಗದ ನಿನಗ ಕೊಟ್ಟಾರಲ್ಲಬೇ!"