ಮಗಳು ಅಳಿಸಿದ ರೀಲ್

ಮಗಳ ವಿಷಯದಲ್ಲಿ ಜಂಬ ಕೊಚ್ಚಿಕೊಳ್ಳುವ ಚಟ ನನಗುಂಟು. ಅದನ್ನು ಬಿಡಿಸಲು ಹೋಗಿ ಹೆಂಡತಿ ಕೈಚೆಲ್ಲಿದ್ದಾಳೆ.

ಹದಿನಾರರ ಸಾನ್ವಿ ಅರ್ಧ ನಿಮಿಷದ ಒಂದು ಯುದ್ಧದ ರೀಲ್ ಮಾಡಿದ್ದಳು. ಅದೇ ದಿನ ನಸುಕಿನಲ್ಲಿ ಯಾರೋ ತೆಗೆದ ಕ್ಷಿಪಣಿ ದಾಳಿಯ ತುಣುಕುಗಳಿಗೆ ಡೋಲಿನ ತಾಳ ಕೂಡಿಸಿದ್ದಳು. ಪೆಟ್ಟಿಗೊಂದು ಕಟ್ಟಡ ಕುಸಿಯುತ್ತಿತ್ತು. ನನ್ನ ಬಾಲ್ಯದಲ್ಲಿ ಯುದ್ಧವೆಂದರೆ ರೇಡಿಯೋದ ಗಂಭೀರ ದನಿ, ಮಾತಾಡಿದರೆ ಅಪ್ಪನ ಗದರಿಕೆ. ಈಗ ಲೋಕಲ್ ರೈಲು ಕುರ್ಲಾ ಬಿಟ್ಟು ವಿಕ್ರೋಳಿ ಮುಟ್ಟುವಷ್ಟರಲ್ಲಿ ಹುಡುಗರು ಹೆಬ್ಬೆರಳಲ್ಲೇ ಮೂರು ಯುದ್ಧ ಮುಗಿಸುತ್ತಾರೆ, ನಡುವೆ ಪಾವ್‌ಭಾಜಿ ಮಾಡುವ ವಿಧಾನವನ್ನೂ ನೋಡುತ್ತಾರೆ. ಹುಡುಗರನ್ನೇಕೆ ಅನ್ನಲಿ? ಸಾವಿರಾರು ಜನ ನೋಡಿದರೆಂದು ನಾನೇ ಅದನ್ನು ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ, 'ನನ್ನ ಮಗಳ ಕೈಚಳಕ' ಎಂದು ಬರೆದು ಕಳಿಸಿದೆ. ಮೆಚ್ಚುಗೆ ಸುರಿಯಿತು. ಉಬ್ಬಿಹೋದೆ.

ಸಂಜೆ ಕೆಳಮಹಡಿಯ ನಿಶಾ, ಸಾನ್ವಿಯ ಗೆಳತಿ, ಮೇಲೆ ಬಂದಳು. ಮಂಗಳೂರಿನ ಕಡೆಯವರು; ಅವಳ ಅಪ್ಪ ಕೊಲ್ಲಿ ದೇಶದ ಬಂದರಿನಲ್ಲಿ ಕ್ರೇನ್ ಓಡಿಸುತ್ತಾರೆ. ಆ ರೀಲನ್ನೇ ಮುಂದೆ ಹಿಡಿದು, "ಇದು ಪಪ್ಪನ ರೂಮಿನ ಹಿಂದಿನ ರೋಡ್ ಮಾರಾಯ್ತಿ. ಈ ಹಸಿರು ಬೋರ್ಡಿನ ಅಂಗಡಿ ಎದುರು ನಿಂತೇ ಅವರು ವಿಡಿಯೊ ಕಾಲ್ ಮಾಡುವುದು. ಬೆಳಿಗ್ಗೆಯಿಂದ ಫೋನ್ ಸಿಗ್ತಾ ಇಲ್ಲ" ಅಂದಳು.

ಸಾನ್ವಿ ಬಗ್ಗಿ ಆ ಬೋರ್ಡನ್ನೇ ನೋಡಿ, ಹಿಂದಿ ಬೆರೆತ ತನ್ನ ಕನ್ನಡದಲ್ಲಿ ಅಂದಳು: "ಸಾರಿ ಯಾರ್. ಅಲ್ಲಿ ಲೋಗ್ ಇರ್ತಾರೆ ಅಂತ ನಂಗೆ ಖಯಾಲ್‌ನಲ್ಲೇ ಬರ್ಲಿಲ್ಲ."

ನಮ್ಮೆದುರೇ ರೀಲನ್ನು ಅಳಿಸಿದಳು. ಅಷ್ಟು ಜನ ನೋಡಿದ್ದ ಅವಳ ಮೊದಲ ರೀಲ್ ಅದು. ಆಮೇಲೆ ಕೆಳಗೆ ಹೋಗಿ ನಿಶಾಳ ತಾಯಿಯ ಕೈ ಹಿಡಿದು ಕೂತಳು. ಸ್ವಂತ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದಳು. ನಮ್ಮ ಮನೆಯ ಇತಿಹಾಸದಲ್ಲಿ ಇಂಥದ್ದು ನಡೆದದ್ದಿಲ್ಲ.

ಎರಡು ತಾಸಿನ ಮೇಲೆ ನಿಶಾಳ ಅಪ್ಪನ ಕರೆ ಬಂತು. ನೆಟ್‌ವರ್ಕ್ ಇರಲಿಲ್ಲ, ಅವರು ಕ್ಷೇಮ. ಅಂಗಡಿಯವನ ಸುದ್ದಿ ಮಾತ್ರ ಗೊತ್ತಿಲ್ಲವಂತೆ.

"ನೀವು ಕಳಿಸಿದ್ದು ಇನ್ನೂ ಗ್ರೂಪಿನ್ಯಾಗ ಐತೇನ್ರಿ?" ಹೆಂಡತಿ ಕೇಳಿದಳು.

ಇತ್ತು. ಸದ್ದಿಲ್ಲದೆ ತೆಗೆದುಬಿಡಬಹುದಿತ್ತು. ಆದರೆ ಮಗಳು ನಮ್ಮೆಲ್ಲರ ಎದುರು ಅಳಿಸಿದ್ದಳಲ್ಲ. ತೆಗೆದು, ಕೆಳಗೆ ಬರೆದೆ: 'ಆ ಬೀದಿಯಲ್ಲಿ ನಮ್ಮ ಬಿಲ್ಡಿಂಗಿನ ಹುಡುಗಿಯ ಅಪ್ಪ ಇರುತ್ತಾರೆ. ಮಗಳು ವಿಡಿಯೊ ಅಳಿಸಿದ್ದಾಳೆ. ಕಳಿಸಿದ ತಪ್ಪು ನನ್ನದು. ನೀವೂ ಅಳಿಸಿ.'

ಸಂಘದ ಕಾರ್ಯದರ್ಶಿ ಕೂಡಲೇ ಕೇಳಿದರು: 'ಯಾಕ್ರೀ, ಎಷ್ಟ ಚಲೋ ಮಾಡಿದ್ಲಲ್ಲ?'

'ಮಾಡಿದ್ದು ಚಲೋ ಇತ್ರಿ,' ಎಂದು ಬರೆದೆ. 'ಅಳಿಸಿದ್ದು ಅದಕ್ಕಿಂತ ಚಲೋ ಆತು.'