ಮಾತ್ರೆ ಪೊಟ್ಟಣದ ಅಂಜಮ್ಮ

ಬೆಳಗಿನ ಐದೂವರೆ. ಕೆಲಮಂಗಲದ ಒಂದು ಧರ್ಮಾಸ್ಪತ್ರೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಅಂಜಮ್ಮ ಹಳೆಯ ಪತ್ರಿಕೆಗಳನ್ನು ಹರಿಯುತ್ತಿದ್ದಾರೆ. ಮಡಿಸುವ ಮುಂಚೆ ಪ್ರತಿ ತುಂಡನ್ನೂ ಬಲ್ಬಿನ ಬೆಳಕಿಗೆ ಹಿಡಿದು ಎರಡೂ ಕಡೆ ನೋಡುತ್ತಾರೆ. ಸೀರೆ ಅಂಗಡಿಯ ಜಾಹೀರಾತು ಇದ್ದರೆ ಸರಿ. ಬರೀ ಅಕ್ಷರವಿದ್ದರೆ ಪಕ್ಕಕ್ಕೆ ಎಸೆಯುತ್ತಾರೆ. ಓದಲು ಬಾರದ ಅವರಿಗೆ ಈಗ ಅಕ್ಷರ ಕಂಡರೆ ಭಯ.

ಗುಮ್ಮಳಾಪುರದ ಅಂಜಮ್ಮನಿಗೆ ಐವತ್ತನಾಲ್ಕು. ಗಂಡ ಕಲ್ಲು ಕ್ವಾರಿಯಲ್ಲಿ ಸತ್ತ ವರ್ಷ ಇಲ್ಲಿ ಕಸ ಗುಡಿಸಲು ಸೇರಿದವರು. ಹತ್ತೊಂಬತ್ತು ವರ್ಷ ಆಯಿತು. ಸಕ್ಕರೆ ಕಾಯಿಲೆಯ ಮಾತ್ರೆ ಇಲ್ಲಿಗೆ ದೊಡ್ಡ ಡಬ್ಬದಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಅದನ್ನು ಎಣಿಸಿ ಪತ್ರಿಕೆಯ ತುಂಡಿನಲ್ಲಿ ಪೊಟ್ಟಣ ಕಟ್ಟುವುದು, ಆಸ್ಪತ್ರೆಗೆ ಬರಲಾಗದವರ ಮನೆಗೆ ನಡೆದು ಮುಟ್ಟಿಸುವುದು ಈಗ ಅವರ ಕೆಲಸ. ಅರವತ್ತೆರಡು ಮಂದಿ, ತಲೆಗೆ ವಾರಕ್ಕೆ ಹದಿನಾಲ್ಕು ಮಾತ್ರೆ. "ಒಂದ್ ಹೆಚ್ಚಿಲ್ಲ, ಒಂದ್ ಕಮ್ಮಿಯಿಲ್ಲ. ಎಣಿಸೋದ್ರಾಗೆ ನಾನು ತಪ್ಪಿದೋಳಲ್ಲ" ಎನ್ನುತ್ತಾರೆ.

ತಪ್ಪಿದ್ದು ಎಣಿಕೆಯಲ್ಲಿ ಅಲ್ಲ.

ಊರಾಚೆ ಮನೆಯ ಸಾಕಮ್ಮನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅಂಜಮ್ಮ ಹೋದಾಗಲೆಲ್ಲ "ಏನಮ್ಮೀ ಅಂಜಿ, ಬೆಲ್ಲ ತಂದ್ಯಾ?" ಎಂದು ಛೇಡಿಸುತ್ತಿದ್ದರು. ಮಗಳು ಉಷಾರಾಣಿ ಹೊಸೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದವಳು, ಮೂವತ್ತನಾಲ್ಕು ವರ್ಷ. ಅವಳ ಎದೆಯಲ್ಲಿ ಕ್ಯಾನ್ಸರ್ ಗಂಟು. ಬೆಂಗಳೂರಿನಲ್ಲಿ ಆರು ಇಂಜೆಕ್ಷನ್ ಹೇಳಿದ್ದರು, ಎರಡಕ್ಕೇ ಕೂದಲೆಲ್ಲ ಹೋಗಿತ್ತು.

ಈ ವರ್ಷ, 2009ರ ಯುಗಾದಿ ಕಳೆದ ವಾರ ಅಂಜಮ್ಮ ಕೊಟ್ಟ ಪೊಟ್ಟಣವನ್ನು ಉಷಾರಾಣಿ ಬಿಚ್ಚಿ ನೋಡಿದಳು. ಕಾಗದದಲ್ಲಿ ದಪ್ಪ ಅಕ್ಷರ: ಸಕ್ಕರೆ ಕಾಯಿಲೆಯ ಮಾತ್ರೆಯಿಂದ ಕ್ಯಾನ್ಸರ್ ಕಣಗಳ ಬೆಳವಣಿಗೆ ನಿಧಾನ. ಸುದ್ದಿಯ ಉಳಿದ ಭಾಗ ಹರಿದು ಬೇರೆ ಯಾರದೋ ಮನೆಗೆ ಹೋಗಿತ್ತು.

"ದೇವ್ರೇ ಅಂಜಿ ಕೈಲಿ ಕಳಿಸವ್ನೆ. ನಂಗೆ ವಯಸ್ಸಾಯ್ತು, ನೀನು ನುಂಗು" ಎಂದರಂತೆ ಸಾಕಮ್ಮ. ಅಂದಿನಿಂದ ತಾಯಿಯ ಹದಿನಾಲ್ಕೂ ಮಾತ್ರೆ ಮಗಳಿಗೆ. ಮಗಳು ಬೆಂಗಳೂರಿಗೆ ಹೋಗುವುದನ್ನು ಬಿಟ್ಟಳು. ಗೊತ್ತಾದರೆ ಮಾತ್ರೆ ನಿಲ್ಲುತ್ತದೆಂದು ಇಬ್ಬರೂ ಬಾಯಿ ಬಿಡಲಿಲ್ಲ. "ನುಂಗಿದ್ಯೇನಕ್ಕ ಅಂತ ವಾರ ವಾರ ಕೇಳ್ತಿದ್ದೆ. ಒಂದೂ ಬುಟ್ಟಿಲ್ಲ ಕಣಮ್ಮಿ ಅನ್ನೋಳು. ನಂಬ್ದೆ" ಎಂದು ಅಂಜಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಆಷಾಢದಲ್ಲಿ ಸಾಕಮ್ಮನ ಹೆಬ್ಬೆರಳಿಗೆ ಹುಣ್ಣಾಯಿತು. ಪಾದ ಕಪ್ಪಾಯಿತು. ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಮಾತ್ರೆ ನುಂಗಿಯೂ ಸಕ್ಕರೆ ಹೀಗೇಕೆ ಏರಿತೆಂದು ಧರ್ಮಾಸ್ಪತ್ರೆಯ ವೈದ್ಯರು ಗದರಿ ಕೇಳಿದಾಗ, ಉಷಾರಾಣಿ ದೇವರ ಪಟದ ಹಿಂದಿನಿಂದ ಆ ಕಾಗದ ತಂದು ಕೊಟ್ಟಳು.

"ಸುದ್ದಿ ಸುಳ್ಳಲ್ಲ" ಎನ್ನುತ್ತಾರೆ ವೈದ್ಯರು. "ಮನೇಲಿ ಅಕ್ಕಿ ಮುಗೀತು ಅಂದ್ರೆ ಯಾರೂ ನೆಂಟರನ್ನ ಕರೆಯಲ್ಲ. ಈ ಮಾತ್ರೆನೂ ಕಣಕ್ಕೆ ಶಕ್ತಿ ಮುಗೀತು ಅಂತ ಅಂಥದೇ ಸುದ್ದಿ ಮುಟ್ಟಿಸುತ್ತೆ, ಕಣ ಬೆಳೆಯೋದು ನಿಧಾನ ಆಗುತ್ತೆ. ಆದ್ರೆ ನೋಡಿರೋದು ಲ್ಯಾಬಿನ ಗಾಜಿನ ತಟ್ಟೇಲಿ, ಇಲೀಲಿ. ಮನುಷ್ಯರಿಗೆ ಇದೇ ಔಷಧಿ ಅಂತ ಯಾರೂ ಹೇಳಿಲ್ಲ. ಇಂಜೆಕ್ಷನ್ ಬಿಡಿ ಅಂತಂತೂ ಹೇಳೇ ಇಲ್ಲ."

ಉಷಾರಾಣಿ ಮತ್ತೆ ಬೆಂಗಳೂರಿಗೆ ಹೋಗುವಷ್ಟರಲ್ಲಿ ಕಾಯಿಲೆ ಎಲುಬಿಗೆ ಇಳಿದಿತ್ತು. ನೋವು ತಗ್ಗಿಸುವುದು ಬಿಟ್ಟು ಬೇರೇನೂ ಉಳಿದಿಲ್ಲವೆಂದು ಹೇಳಿ ಕಳಿಸಿದರು.

ಧರ್ಮಾಸ್ಪತ್ರೆಯಲ್ಲಿ ಯಾರೂ ಅಂಜಮ್ಮನ ಮೇಲೆ ತಪ್ಪು ಹೊರಿಸಿಲ್ಲ. ಆದರೂ ಅವರು ದಿನವೂ ಕೆಲಸ ಮುಗಿಸಿ ಆ ಮನೆಗೆ ಹೋಗುತ್ತಾರೆ. ತಾಯಿಯನ್ನು ಬಚ್ಚಲಿಗೆ ಹೊತ್ತು ಒಯ್ಯುತ್ತಾರೆ, ಮಗಳ ಮಗ್ಗುಲು ಬದಲಿಸುತ್ತಾರೆ, ರಾಗಿ ಗಂಜಿ ಕುಡಿಸುತ್ತಾರೆ. ಸಾಕಮ್ಮ ಈಗ ಯಾರನ್ನೂ ಛೇಡಿಸುವುದಿಲ್ಲ.

ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅಂಜಮ್ಮ ಇನ್ನೊಂದು ತುಂಡನ್ನು ಬೆಳಕಿಗೆ ಹಿಡಿಯುತ್ತಾರೆ.

"ಆ ಹುಡ್ಗಿ ಉಷಾರಾಣಿ ಒಂದ್ಸಲ ನನ್ನ ಬಯ್ದುಬುಟ್ರೆ ಸಾಕಾಗಿತ್ತು. ಬಯ್ಯಲ್ಲ ಕಣಮ್ಮ. ಬಿಸ್ಲಾಗೆ ನಡ್ಕೊಂಡ್ ಬಂದಿದ್ದೀ ಅಂಜಕ್ಕ, ಮೊದ್ಲು ನೀನ್ ಒಂದ್ ಲೋಟ ಗಂಜಿ ಕುಡಿ ಅಂತಾಳೆ."